ಹೂಂರಿ ಒಪ್ಪದ ರೂಬಿ ಮೇಡಂ

ಈ ವರ್ಷ ವಿಶ್ವವಿದ್ಯಾಲಯದವರು ಅತ್ಯುತ್ತಮ ವಿದ್ಯಾರ್ಥಿ ಸಲಹೆಗಾರರ ಪ್ರಶಸ್ತಿಗೆ ಹೆಸರು ಕೇಳಿದಾಗ ನಮ್ಮ ಕಾಲೇಜಿನಿಂದ ರೂಬಿ ಮೇಡಂ ಹೆಸರು ಬರೆದು ಕಳಿಸಿದವನು ನಾನು. ಅದಕ್ಕೂ ಮೊದಲಿನ ಮಳೆಗಾಲದಲ್ಲಿ ಯಾರಾದರೂ ಇದನ್ನು ಹೇಳಿದ್ದರೆ ಕಚೇರಿಯಿಂದ ಹೊರಗೆ ಹಾಕುತ್ತಿದ್ದೆ. ಅವರು ಕಾರಿಡಾರಿನಲ್ಲಿ ಬರುವುದು ಕಂಡರೆ ಸಾಕು, ನನ್ನ ನೆತ್ತಿ ಬಿಸಿಯಾಗುತ್ತಿತ್ತು.

ನಾನು ಶಂಭುಲಿಂಗ. ಧಾರವಾಡದ ಈ ಕಾಲೇಜಿನ ಕಚೇರಿಯಲ್ಲಿ ಸುಪರಿಂಟೆಂಡೆಂಟ್. ಮೂವತ್ತನಾಲ್ಕು ವರ್ಷದಲ್ಲಿ ಒಂದೂ ಮೆಮೊ ತಗೊಂಡವನಲ್ಲ, ಆ ಸೊಕ್ಕು ನನಗೆ ಚೆನ್ನಾಗಿಯೇ ಇತ್ತು. ರೂಬಿ ಮೇಡಂ ಸಂಖ್ಯಾಶಾಸ್ತ್ರ ಕಲಿಸುತ್ತಾರೆ. ಹುಬ್ಬಳ್ಳಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾರೆ. ಯಾವ ವಿಷಯ ಓದಬೇಕು, ಯಾವುದು ಬಿಡಬೇಕು, ಮುಂದೆ ಯಾವ ನೌಕರಿಗೆ ಏನು ಬೇಕು ಎಂದು ಹುಡುಗ ಹುಡುಗಿಯರಿಗೆ ತಿಳಿಸಿ ಹೇಳುವ ಕೆಲಸವೂ ಅವರದೇ. ಅದಕ್ಕೆ ಪಗಾರದಲ್ಲಿ ಒಂದು ಪೈಸೆ ಹೆಚ್ಚಿಲ್ಲ.

ಅವರದೊಂದು ಹಟ ಇತ್ತು. ಹೇಳಿದ್ದಕ್ಕೆ ಹುಡುಗರು "ಹೂಂರಿ" ಎಂದರೆ ಬಿಡುತ್ತಿರಲಿಲ್ಲ. "ಹೂಂರಿ ಬ್ಯಾಡ. ನಾ ಏನ್ ಹೇಳಿದೆ, ನಿನ್ನ ಮಾತಿನ್ಯಾಗ ತಿರಗಿ ಹೇಳು," ಎನ್ನುತ್ತಿದ್ದರು. ಹೇಳಲಿಕ್ಕೆ ಬರದಿದ್ದರೆ ಮತ್ತೆ ಮೊದಲಿನಿಂದ ಶುರು. ಒಬ್ಬೊಬ್ಬರಿಗೆ ಅರ್ಧ ತಾಸು. ಹೊರಗೆ ಸಾಲು ಬೆಳೆಯುತ್ತಿತ್ತು, ನನ್ನ ಫಾರ್ಮುಗಳು ತಡವಾಗುತ್ತಿದ್ದವು, ನಾನು ಕುದಿಯುತ್ತಿದ್ದೆ.

ಅವರು ರಜೆಯಲ್ಲಿದ್ದ ಎರಡು ದಿನ ಆ ಕೆಲಸ ನನ್ನ ಟೇಬಲ್ಲಿಗೆ ಬಂತು. ಕೊನೆಯ ವರ್ಷಕ್ಕೆ ಮೂರು ವಿಷಯಗಳಲ್ಲಿ ಎರಡನ್ನು ಉಳಿಸಿಕೊಂಡು ಒಂದನ್ನು ಬಿಡಬೇಕು. ಒಂದೇ ಮಧ್ಯಾಹ್ನ ತೊಂಬತ್ತು ಫಾರ್ಮು ಮುಗಿಸಿ, ನೋಡಿರಿ ಕೆಲಸ ಅಂದರೆ ಹೀಗೆ ಎಂದು ಎಲ್ಲರಿಗೂ ಹೇಳಿಕೊಂಡೆ. ಆ ತೊಂಬತ್ತರಲ್ಲಿ ಮಾಶಾಬಿಯದೂ ಒಂದು. ಅವಳ ಅಪ್ಪ ಧಾರವಾಡದ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆಯ ಬಸ್ಸು ಓಡಿಸುತ್ತಾನೆ. ಹೈಸ್ಕೂಲಿನಲ್ಲಿ ಗಣಿತದ ಟೀಚರ್ ಆಗಬೇಕು ಎಂಬುದೊಂದೇ ಅವಳ ಆಸೆ, ಅದಕ್ಕೆ ಗಣಿತದ ಜೊತೆ ಭೌತಶಾಸ್ತ್ರವೂ ಇರಬೇಕು. ಇದೇನೂ ನನಗೆ ಗೊತ್ತಿರಲಿಲ್ಲ. ಸಾಲಿನಲ್ಲಿ ಅವಳ ಮುಂದಿದ್ದವಳು ಭೌತಶಾಸ್ತ್ರ ಬಿಟ್ಟಿದ್ದಳು. ಅದೇ ಗುಂಗಿನಲ್ಲಿ ಇವಳಿಗೂ "ಫಿಸಿಕ್ಸ್ ಬಿಡಾಕತ್ತೀಯಲ್ಲ?" ಎಂದೆ. ಅವಳು ತಲೆ ತಗ್ಗಿಸಿ "ಹೂಂರಿ ಸರ್" ಎಂದಳು. ತೋರಿಸಿದ ಜಾಗದಲ್ಲಿ ಸಹಿ ಮಾಡಿದಳು.

ಪಟ್ಟಿ ಗೋಡೆಗೆ ಹಚ್ಚಿದ ಮೇಲೆ ಅವಳು ಅತ್ತುಕೊಂಡು ರೂಬಿ ಮೇಡಂ ಹತ್ತಿರ ಹೋದಳು. ತಿದ್ದುಪಡಿಗೆ ಶುಕ್ರವಾರ ಸಂಜೆ ಐದರವರೆಗೆ ಅವಕಾಶವಿತ್ತು. ಆದರೆ ತಪ್ಪು ಕಚೇರಿಯದಾಗಿರಬೇಕು, ತಪ್ಪು ಮಾಡಿದವನು ಹಾಗೆಂದು ಬರೆದು ಸಹಿ ಹಾಕಬೇಕು. ಇಲ್ಲವಾದರೆ ಮಾಶಾಬಿ ಮುಂದೆ ಟೀಚರ್ ಹುದ್ದೆಗೆ ಅರ್ಜಿಯನ್ನೂ ಹಾಕುವಂತಿರಲಿಲ್ಲ.

ಮಂಗಳವಾರ ಮೇಡಂ ನನ್ನ ಟೇಬಲ್ಲಿನ ಎದುರು ಬಂದು ಕುಳಿತರು.

"ಬರದು ಕೊಡ್ರಿ, ಶಂಭುಲಿಂಗಪ್ಪಾರ."

"ಅಕಿ ಹೂಂ ಅಂದಾಳ್ರಿ, ಸಹಿನೂ ಮಾಡ್ಯಾಳ. ನಂದೇನ್ ತಪ್ಪು?"

"ಅಕಿಗೆ ತಿಳದದೋ ಇಲ್ಲೋ ಕೇಳಿದ್ರೇನು?"

"ಅದು ನನ್ನ ಕೆಲಸ ಅಲ್ರಿ. ನನಗಿನ್ನ ವರ್ಷದ ನೌಕರಿ ಉಳದದ, ಈಗ ನನ್ನ ಕೈಲೆ ಮಸಿ ಬಳಕೊಳ್ಳಂತೀರೇನು?"

ಅವರು ಜಗಳವಾಡಲಿಲ್ಲ, ಎದ್ದೂ ಹೋಗಲಿಲ್ಲ. ಬುಧವಾರವೂ ಬಂದರು, ಗುರುವಾರವೂ ಬಂದರು. ತಮ್ಮ ಪಾಠ ಮುಗಿದ ಕೂಡಲೇ ಬರುವುದು, ಉತ್ತರಪತ್ರಿಕೆ ತಿದ್ದುತ್ತ ಕೂಡುವುದು, ನಾನು ತಲೆ ಎತ್ತಿದಾಗೊಮ್ಮೆ "ಬರದು ಕೊಡ್ರಿ" ಎನ್ನುವುದು. ಇಂಥ ಗಟ್ಟಿ ಹೆಂಗಸನ್ನು ನಾನು ನೋಡಿರಲಿಲ್ಲ.

ಶುಕ್ರವಾರ ಮೂರು ಗಂಟೆಗೆ ಬಂದವರು ಬೇರೆ ಏನೋ ಹೇಳತೊಡಗಿದರು. ಹೊಸ ಸುತ್ತೋಲೆ, ಕ್ರೆಡಿಟ್ಟು, ಮ್ಯಾಪಿಂಗು, ಇನ್ನೂ ಏನೇನೋ. ಒಂದೇ ಉಸಿರಿನಲ್ಲಿ, ಅರ್ಧ ಇಂಗ್ಲಿಷಿನಲ್ಲಿ. ಪೀಡೆ ತೊಲಗಿತು, ವಿಷಯ ಬದಲಾಯಿತು ಎಂದು ನಾನು ತಲೆ ಆಡಿಸುತ್ತ ಹೋದೆ. "ಹಂಗಂದ್ರ ಸೋಮವಾರದಿಂದ ಅದನ್ನ ನೀವs ನೋಡಿಕೋತೀರಿ, ಹೌದಲ್ರಿ?" ಎಂದರು.

"ಹೂಂರಿ," ಎಂದೆ.

"ಏನ್ ನೋಡಿಕೋತೀರಿ? ನಿಮ್ಮ ಮಾತಿನ್ಯಾಗ ಹೇಳ್ರಿ."

"ಅದs ರಿ... ಸುತ್ತೋಲೆ..." ಎಂದು ತಡವರಿಸಿದೆ. ಪಕ್ಕದ ಟೇಬಲ್ಲಿನ ಯಲ್ಲೇಶ ಕಿಸಕ್ಕೆಂದ.

"ಸೋಮವಾರದಿಂದ ನನ್ನ ಸಂಖ್ಯಾಶಾಸ್ತ್ರದ ಕ್ಲಾಸ್ ನೀವು ತಗೋತೀರಿ. ಹೂಂ ಅಂದ್ರಿ," ಎಂದರು ಮೇಡಂ. ಅವರ ಮುಖದಲ್ಲಿ ನಗು ಇರಲಿಲ್ಲ. "ನೀವು ಯಾಕ ಹೂಂ ಅಂದ್ರಿ? ಎದುರಿಗೆ ಕುಂತಾಕಿ ಮೇಡಂ, ಇಲ್ಲ ಅಂದ್ರ ಛಲೋ ಕಾಣೂದಿಲ್ಲ ಅಂತ. ಅಕಿನೂ ಹಂಗs ಅಂದಾಳ್ರಿ. ಅಕಿಗಿನ್ನ ಇಪ್ಪತ್ತು ವರ್ಷ, ನಿಮಗ ಐವತ್ತೊಂಬತ್ತು."

ನಾಚಿಕೆಯಾಯಿತು. ಸಿಟ್ಟೂ ಬಂತು, ಆದರೆ ಅದು ಅವರ ಮೇಲಲ್ಲ. ತೊಂಬತ್ತು ಫಾರ್ಮುಗಳಿಗೆ ತೊಂಬತ್ತು "ಹೂಂರಿ" ಕೇಳಿದ್ದೆ, ಒಂದನ್ನೂ ತಿರುಗಿ ಕೇಳಿರಲಿಲ್ಲ. ಬಿಳಿ ಹಾಳೆ ತೆಗೆದುಕೊಂಡು, ವಿದ್ಯಾರ್ಥಿನಿಗೆ ತಿಳಿಸಿ ಹೇಳದೆ ಸಹಿ ಮಾಡಿಸಿಕೊಂಡ ತಪ್ಪು ನನ್ನದು ಎಂದು ಬರೆದೆ. ಆಮೇಲೆ ಉಳಿದ ಎಂಬತ್ತೊಂಬತ್ತು ಜನರನ್ನೂ ಕರೆಸಿ ಎಂದು ಮೇಡಂ ಹಟ ಹಿಡಿದರು. ಕಾಲೇಜಿನಲ್ಲಿದ್ದವರನ್ನು ಕರೆಸಿದೆವು, ಇಲ್ಲದವರಿಗೆ ಫೋನು ಮಾಡಿದೆವು. ಇನ್ನೂ ನಾಲ್ವರದು ತಪ್ಪಾಗಿತ್ತು. ಐದಕ್ಕೆ ಹತ್ತು ನಿಮಿಷ ಇರುವಾಗ ಐದೂ ತಿದ್ದುಪಡಿ ಹೋದವು. ಮಾಶಾಬಿಗೆ ಭೌತಶಾಸ್ತ್ರ ಸಿಕ್ಕಿತು, ನನಗೆ ಎಚ್ಚರಿಕೆ ಪತ್ರ.

ಪ್ರಶಸ್ತಿಯ ಅರ್ಜಿಗೆ ಪುರಾವೆ ಬೇಕಿತ್ತು. ಬೇರೆಯವರ ಫೈಲುಗಳಲ್ಲಿ ಫೋಟೊ, ಪ್ರಮಾಣಪತ್ರ ತುಂಬಿ ತುಳುಕುತ್ತಿದ್ದವು. ರೂಬಿ ಮೇಡಂ ಹತ್ತಿರ ಏನೂ ಇರಲಿಲ್ಲ. ನಾನು ಬರೆದುಕೊಟ್ಟ ತಪ್ಪೊಪ್ಪಿಗೆಯ ಪ್ರತಿಯನ್ನೇ ಹಚ್ಚಿದೆ. "ನಿವೃತ್ತಿ ಹೊತ್ತಿನ್ಯಾಗ ಇದೆಲ್ಲಾ ಊರಿಗೆ ತೋರಸಬೇಕೇನ್ರಿ?" ಎಂದರು ಪ್ರಿನ್ಸಿಪಾಲರು. ತೋರಿಸಲೇಬೇಕು ಎಂದೆ.

ಪ್ರಶಸ್ತಿ ಬಂತು. ಸಮಾರಂಭಕ್ಕೆ ಹೆಂಡತಿ ದಾಕ್ಷಾಯಿಣಿಯನ್ನೂ ಕರೆದುಕೊಂಡು ಹೋಗಿದ್ದೆ. ವೇದಿಕೆಯ ಮೇಲೆ ಅಭಿನಂದನಾ ಪತ್ರ ಓದಿದರು: "ಕಚೇರಿಯ ಸಿಬ್ಬಂದಿಯೊಬ್ಬರಿಂದಾದ ತಪ್ಪನ್ನು..." ನನ್ನ ಹೆಸರು ತೆಗೆಸಿದವರು ರೂಬಿ ಮೇಡಂ ಎಂದು ಕೂಡಲೇ ಗೊತ್ತಾಯಿತು. ಯಾರದೋ ತಪ್ಪು, ಎಲ್ಲೋ ಆಯಿತು ಎಂಬಂತೆ ಕೇಳಿಸಿದರೆ ಅವರು ನಾಲ್ಕು ದಿನ ಕುಳಿತದ್ದು ಯಾರ ಎದುರಿಗೆ? ದಾಕ್ಷಾಯಿಣಿ ತೋಳು ಹಿಡಿದು ಜಗ್ಗಿದರೂ ಎದ್ದು ನಿಂತೆ.

"ಆ ಸಿಬ್ಬಂದಿ ನಾನs ರಿ, ಶಂಭುಲಿಂಗ. ಹೆಸರು ಹಾಕಿ ಓದ್ರಿ," ಎಂದೆ.

ಓದುತ್ತಿದ್ದವರು ಮೇಡಂ ಕಡೆ ನೋಡಿದರು. ಮೇಡಂ ಆಗಲಿ ಎಂದು ತಲೆ ಆಡಿಸಿದರು. ಓದುವವರು ಪೆನ್ನು ತೆಗೆದು ನನ್ನ ಹೆಸರು ಬರೆದುಕೊಂಡು ಮೊದಲಿನಿಂದ ಓದಿದರು.