ಅಕ್ಕಡಿ ಸಾಲಿನ ಅವರೆ

ಬೆಳಿಗ್ಗೆ ಎಂದಿನಂತೆ ಹಾಲಿನ ಪಾಕೆಟ್ ಕತ್ತರಿಸಿ ಒಲೆಗಿಟ್ಟೆ, ಮಕ್ಕಳ ಡಬ್ಬಿಗೆ ಚಿತ್ರಾನ್ನ ತುಂಬಿದೆ, ದೇವರ ಪಟದ ಬಾಡಿದ ಹೂ ತೆಗೆದು ತುಳಸಿ ಬುಡಕ್ಕೆ ಹಾಕಿದೆ. ಆಗಲೇ ಗುಬ್ಬಿ ಹತ್ತಿರದ ತವರಿನಿಂದ ಅಮ್ಮ ಫೋನ್ ಮಾಡಿದ್ದು. "ಒಸಿ ಬಂದೋಗವ್ವ" ಅಂದಳು. ಯಾಕೆ ಅಂತ ಹೇಳಲಿಲ್ಲ. ಅಮ್ಮ ಹಬ್ಬವಿಲ್ಲದೆ ಕರೆದವಳಲ್ಲ.

ಹಿರೇಹಳ್ಳಿಯ ಫ್ಯಾಕ್ಟರಿಗೆ ಹೊರಟಿದ್ದ ನಮ್ಮವರು ನನ್ನನ್ನು ಬಸ್ ಸ್ಟ್ಯಾಂಡಿಗೆ ಬಿಡುವ ದಾರಿಯಲ್ಲಿ ಪೆಟ್ರೋಲ್ ಹಾಕಿಸಿದರು. ಬಂಕಿನ ಬೋರ್ಡಿನ ಮೇಲೆ ಹಸಿರು ಎಲೆಯೊಂದರ ಚಿತ್ರ.

"ನೋಡೇ, ಇದ್ರಲ್ಲಿ ನಿಮ್ಮಣ್ಣನ್ ಜೋಳಾನೂ ಸೇರಿರುತ್ತೆ" ಎಂದು ನಕ್ಕರು. ನಾನೂ ನಕ್ಕೆ.

ಅಣ್ಣ ಹೋದ ವರ್ಷದಿಂದ ರಾಗಿ ಬಿಟ್ಟು ಮುಸುಕಿನ ಜೋಳ ಹಾಕುತ್ತಿದ್ದಾನೆ. ಎಥೆನಾಲ್ ಮಾಡುವ ಫ್ಯಾಕ್ಟರಿಯ ಏಜೆಂಟ್ ಹೊಲಕ್ಕೇ ಬಂದು ಕೊಳ್ಳುತ್ತಾನೆ. ಅದನ್ನು ಪೆಟ್ರೋಲಿಗೆ ಬೆರೆಸಿದರೆ ಹೊಗೆ ಕಡಿಮೆಯಂತೆ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಬಿದ್ದ ಒಂದು ಕಾಗದದ ಚೂರನ್ನೂ ನಮ್ಮಿಂದ ಹೆಕ್ಕಿಸುತ್ತಿದ್ದರು. ಶುಚಿಯಾದದ್ದೆಲ್ಲ ಒಳ್ಳೆಯದು ಎಂದೇ ನಾನು ಕಲಿತದ್ದು. ಅಣ್ಣನ ಜೋಳದ ಬಗ್ಗೆ ಹೆಮ್ಮೆಯೇ ಇತ್ತು.

ಜೋಳ ಬಂದರೂ ಅಮ್ಮ ಮಾತ್ರ ಅಕ್ಕಡಿ ಸಾಲು ಬಿಟ್ಟಿರಲಿಲ್ಲ. ಬೆಳೆಯ ನಡುನಡುವೆ ಒಂದೊಂದು ಸಾಲು ಅವರೆ, ತೊಗರಿ ಹಾಕುವುದು ನಮ್ಮ ಕಡೆಯ ರೂಢಿ. ಹೊಲ ಗಂಡಸರದ್ದು, ಅಕ್ಕಡಿ ಹೆಂಗಸರದ್ದು. ಅದರಲ್ಲಿ ಬಂದದ್ದಕ್ಕೆ ಯಾವ ಗಂಡಸೂ ಲೆಕ್ಕ ಕೇಳುವುದಿಲ್ಲ. ಅಮ್ಮನ ಅವರೆ ಬೀಜ ಅವಳು ಮದುವೆಯಾಗಿ ಕುಣಿಗಲ್ ಕಡೆಯಿಂದ ಬಂದಾಗ ಸೆರಗಿನಲ್ಲಿ ಗಂಟು ಕಟ್ಟಿ ತಂದದ್ದು. ಅದರ ಸೊಗಡು ಎಂಥದ್ದೆಂದರೆ, ಕಾಯಿ ಸುಲಿದ ಬೆರಳನ್ನು ಸೋಪು ಹಾಕಿ ತೊಳೆದರೂ ಮಾರನೆಯ ದಿನದವರೆಗೆ ಘಮ ಹೋಗದು. ಹೋದ ವರ್ಷ ಆ ಬಳ್ಳಿ ಜೋಳದ ದಂಟನ್ನೇ ಹಿಡಿದು ಹಬ್ಬಿತ್ತು.

ನಾನು ಹೋದಾಗ ಅಮ್ಮ ಹೊಲದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಜೋಳ ಮೊಣಕಾಲೆತ್ತರಕ್ಕೆ ಕಪ್ಪುಹಸಿರಾಗಿ ನಿಂತಿತ್ತು. ಅದೊಂದನ್ನು ಬಿಟ್ಟರೆ ಗರಿಕೆಯ ಒಂದು ಎಳೆಯೂ ಇಲ್ಲ. ಕಾನ್ವೆಂಟಿನ ಅಂಗಳದಷ್ಟು ಚೊಕ್ಕಟ. ಅಕ್ಕಡಿ ಸಾಲಿನ ಅವರೆ ಸಸಿಗಳು ಸುಟ್ಟ ಕಾಗದದ ಹಾಗೆ ಮುದುರಿದ್ದವು.

"ಒಂದಾದ್ರೂ ಹಸ್ರಾಗೈತೇನೋ ನೋಡವ್ವ. ನಂಗೆ ಕಣ್ಣು ಕಾಣಕಿಲ್ಲ" ಅಂದಳು.

ಕೊನೆಯ ಸಾಲಿನವರೆಗೂ ನೋಡಿದೆ. ಒಂದೂ ಇರಲಿಲ್ಲ.

ಅಣ್ಣ ಬೈಕ್ ನಿಲ್ಲಿಸಿ ಬದುವಿಗೆ ಬಂದ. "ಏನವ್ವ ಕಾನ್ವೆಂಟು, ನಿಮ್ಮಮ್ಮ ಕಂಪ್ಲೇಂಟ್ ಕೊಡಕ್ಕೆ ಕರ್ಸವ್ಳಾ?"

"ಕಳೆ ಔಷಧಿ ಹೊಡಿಸ್ತೀನಿ ಅಂತ ಒಂದ್ ಮಾತು ಮೊದ್ಲೇ ಹೇಳ್ಬಾರ್ದಿತ್ತಾ ಅಣ್ಣ?"

"ಬುಡವ್ವ. ಕಳೆ ಕೀಳಕ್ಕೆ ಈಗ ಯಾರ್ ಬತ್ತಾರೆ, ನೀನ್ ಬತ್ತೀಯಾ? ಏಜೆಂಟು ಬರ್ಕೊಟ್ಟ, ಹೊಡಿಸ್ದೆ. ಜೋಳ ಉಳ್ಕಂಡು ಮಿಕ್ಕಿದ್ದೆಲ್ಲ ಹೋಯ್ತದೆ ಅಂದಿದ್ದ. ಹಂಗೇ ಆಯ್ತು."

"ಅವರೆ ಕಳೆನಾ?"

"ಔಷ್ದಿಗೇನ್ ಗೊತ್ತು?" ಅಂದವನು ಅಮ್ಮನ ಕಡೆ ನೋಡಿ ದನಿ ತಗ್ಗಿಸಿದ. "ಹೊಗೆ ಕಮ್ಮಿಯಾಯ್ತದೆ, ಒಳ್ಳೇ ಕೆಲ್ಸ ಅಣ್ಣ ಅಂತ ನೀನೇ ತಾನೆ ಅಂದಿದ್ದು?"

ಅಂದಿದ್ದೆ.

ಅಮ್ಮ ಬೂದಿ ಬೆರೆಸಿ ಬೀಜ ಇಡುತ್ತಿದ್ದ ಕುಡಿಕೆ ಖಾಲಿಯಾಗಿತ್ತು. ಈ ಸಲ ಮೊದಲ ಬಿತ್ತನೆ ಮಳೆಯಿಲ್ಲದೆ ಒಣಗಿದ್ದರಿಂದ, ಉಳಿಸಿಟ್ಟಿದ್ದನ್ನೂ ಎರಡನೆಯ ಸಲ ಹಾಕಿಬಿಟ್ಟಿದ್ದಳು. ಕುಣಿಗಲ್ ಕಡೆಯ ಅಜ್ಜಿಯ ಹೊಲ ಈಗ ಪೂರ್ತಿ ತೆಂಗಿನ ತೋಟ. ಅಲ್ಲೂ ಆ ಬೀಜವಿಲ್ಲ.

"ಸಂಕ್ರಾಂತಿ ಆದ್ಮೇಲೆ ನಿಂಗೆ ಒಣಗಿದ್ ಅವರೆ ಕೊಟ್ಟಿದ್ನಲ್ಲ, ಐತಾ?" ಅಮ್ಮ ಕೇಳಿದ್ದು ಊಟಕ್ಕೆ ಕೂತಾಗ. ಅದಕ್ಕೇ ಕರೆಸಿದ್ದು ಎಂದು ಆಗ ಗೊತ್ತಾಯಿತು.

ನಮ್ಮ ಪಾಲಿನದು ಸಾರಾಗಿ ಹೋಗಿತ್ತು. ಆದರೆ ಪಕ್ಕದ ಮನೆಯವರಿಗೆ ಒಂದು ಡಬ್ಬ ತುಂಬ ಕೊಟ್ಟಿದ್ದೆ. ಅವರು ಕಾಳು ಬೇಯಿಸಿದ ವಾಸನೆ ನಮ್ಮನೆಗೆ ಬಂದಿರಲಿಲ್ಲ, ಅವರಲ್ಲಿ ಇನ್ನೂ ಇರಬಹುದು ಎಂದೆ.

"ಹಂಗಾರೆ ಒಂದ್ ಹಿಡಿ ಇಸ್ಕೊಂಬಾ" ಅಂದಳು ಅಮ್ಮ. "ಹಿತ್ಲಲ್ಲಿ ಹಾಕ್ತೀನಿ. ಅಲ್ಲಿಗೆ ಅವ್ನ ಔಷ್ದಿ ಬರಕಿಲ್ಲ." ತಟ್ಟೆ ತೊಳೆಯುವಾಗಲೂ ಇನ್ನೊಮ್ಮೆ ಹೇಳಿದಳು, ಒಂದ್ ಹಿಡಿ ಸಾಕು ಅಂತ.

ಸಂಜೆ ತುಮಕೂರಿಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಪಕ್ಕದ ಗೇಟಿಗೆ ಹೋದೆ. ಆ ಮನೆಯಾಕೆ ಪೈಪ್ ಹಿಡಿದು ಸ್ಕೂಟಿ ತೊಳೆಯುತ್ತಿದ್ದರು. ನನಗೆ ನೀರು ಹಾರದಂತೆ ಪೈಪನ್ನು ಆಚೆ ತಿರುಗಿಸಿದರು, ಪಾಪ. ವಿಷಯ ಹೇಳಿದೆ.

"ಅಯ್ಯೋ, ಅದಾ? ಮೊನ್ನೆ ಡಬ್ಬ ತೊಳೆಯೋಣಾಂತ ತೆಗೆದ್ರೆ ಒಂದೆರಡು ಹುಳ ಕಾಣಿಸ್ತು, ಕಸದ ಗಾಡಿಗೆ ಹಾಕ್ಬಿಟ್ಟೆ ಕಣ್ರೀ" ಅಂದರು. ನನ್ನ ಮುಖ ನೋಡಿ ಸಮಾಧಾನವನ್ನೂ ಹೇಳಿದರು: "ಅವರೆ ತಾನೆ? ಸೀಸನ್ ಬರ್ಲಿ, ಶಿರಾ ಗೇಟ್ ಹತ್ರ ಸುಲ್ದಿರೋದೇ ಪ್ಯಾಕೆಟಲ್ಲಿ ಸಿಗುತ್ತೆ. ಕೈಗೆ ವಾಸ್ನೇನೂ ಅಂಟಲ್ಲ."