ತಟ್ಟೆಯ ಪಕ್ಕದ ತಂಬಿಗೆ

ತೂಕ ಇಳಿಸಲು ಹೊಟ್ಟೆ ಚಿಕ್ಕದು ಮಾಡುವ ಆಪರೇಶನ್ ಮಾಡಿಸಿಕೊಂಡು ಹುಬ್ಬಳ್ಳಿಯಿಂದ ಕಾಡಿನ ನಡುವಿನ ನಮ್ಮೂರು ಕೋಗಿಲಬನಕ್ಕೆ ಮರಳಿದಾಗ, ಆಸ್ಪತ್ರೆಯವರು ನನ್ನ ಮೊಬೈಲಿಗೆ ಒಂದು ಆ್ಯಪ್ ಹಾಕಿ ಕಳಿಸಿದ್ದರು. ಉಣ್ಣುವ ಮೊದಲು ತಟ್ಟೆಯ ಫೋಟೊ ಕಳಿಸಬೇಕು, ಅಲ್ಲಿಂದ ಒಬ್ಬ ನರ್ಸ್ ನೋಡುತ್ತಾಳೆ. ಮನೆಯಲ್ಲಿ ಒಬ್ಬರು ಅತ್ತೆ ಇರುವುದು ಸಾಲದೇ ಎಂದು ನನಗೆ ಸಿಟ್ಟೇ ಬಂದಿತ್ತು. ಕದ್ದು ತಿಂದೇನೆಂದು ಇಟ್ಟ ಪಹರೆ ಅದು ಅಂದುಕೊಂಡಿದ್ದೆ.

ಅತ್ತೆಗೆ ಈ ಆಪರೇಶನ್ನೇ ಬೇಡವಾಗಿತ್ತು. "ದೇವರು ಕೊಟ್ಟ ಹೊಟ್ಟಿ ಯಾಕ ಕೊಯ್ಸ್ಕೋತಿ" ಎಂದು ಅತ್ತವರು, ನಾನು ಬಂದ ಮೇಲೆ ಬೇಳೆಕಟ್ಟು, ಗಂಜಿ ಎಲ್ಲ ತಾವೇ ಮಾಡಿ ಕೊಟ್ಟರು. ಗಂಜಿಯ ದಿನ ಮುಗಿದು ಮೆತ್ತನೆಯ ಅನ್ನಕ್ಕೆ ಬಂದದ್ದೇ ತಡ, ವಾಂತಿ ಶುರುವಾಯಿತು. ಎರಡು ತುತ್ತು ಇಳಿದರೆ ಮೂರನೆಯದಕ್ಕೆ ಬಚ್ಚಲಿಗೆ ಓಡುತ್ತಿದ್ದೆ. ಒಳಗೆ ಹೊಲಿಗೆ ಬಿಚ್ಚಿತೇನೋ, ಮತ್ತೆ ಕೊಯ್ಯುತ್ತಾರೇನೋ ಎಂದು ಹೆದರಿಕೆಯಾಗುತ್ತಿತ್ತು. ಅತ್ತೆ ಮಾತೇ ಬಿಟ್ಟರು. ತಮ್ಮ ಕೈಯಡುಗೆಯೇ ನನಗೆ ಒಗ್ಗುತ್ತಿಲ್ಲವೆಂದು ಅವರಿಗೆ ಅನಿಸಿತ್ತು.

ವಾಂತಿಯ ವಿಷಯವನ್ನು ಆ್ಯಪಿನಲ್ಲಿ ಬರೆದು ಹಾಕಿದೆ. ನಮ್ಮ ಮನೆಗೆ ನೆಟ್‌ವರ್ಕ್ ಸಿಗುವುದು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮಾತ್ರ. ಅಲ್ಲಿ ನಿಂತಿರುವಾಗಲೇ ನರ್ಸ್ ಫೋನ್ ಮಾಡಿದಳು. ಅತ್ತೆಯೂ ಬಂದು ನಿಂತರೆಂದು ಸ್ಪೀಕರ್ ಹಾಕಿದೆ.

"ಅಕ್ಕಾರೀ, ನಿಮ್ಮ ಫೋಟೊ ಎಲ್ಲಾ ಮತ್ತ ತಗದು ನೋಡಿದೆ. ತಟ್ಟಿಯೊಳಗಿಂದು ಬರೋಬ್ಬರಿ ಐತಿ. ಬಾಜೂಕ ಆ ತಂಬಗಿ ಯಾಕ ಐತ್ರಿ?"

"ಊಟಕ್ಕ ಕುಂತವರ ಮುಂದ ನೀರು ಇಡಲಾರದ ಹೆಂಗ್ರೀ?" ಅಂದರು ಅತ್ತೆ.

"ಉಣ್ಣೂವಾಗ ಕುಡೀತಾರೇನ್ರಿ?"

"ತುತ್ತಿಗೊಂದು ಗುಟುಕು ನಾನ ಕುಡಸ್ತೇನಿ. ನೀರು ಕಮ್ಮಿ ಆಗಬಾರದಂತ ನೀವ ಹೇಳೀರಲ್ಲ."

"ಹೊಟ್ಟಿ ಈಗ ಸಣ್ಣದೈತ್ರಿ. ಅನ್ನಕ್ಕೂ ನೀರಿಗೂ ಒಮ್ಮೆಲೆ ಜಾಗಾ ಸಾಲಂಗಿಲ್ಲ. ಉಂಡು ಅರ್ಧ ತಾಸು ಬಿಟ್ಟು ಕುಡೀಲಿ. ಹಂಗೂ ನಿಲ್ಲಲಿಲ್ಲಂದ್ರ ನಾಳೆ ಸೀದಾ ಬಂದುಬಿಡ್ರಿ."

ನಾನು ಕಲ್ಲಿನ ಮೇಲೆ ಕೂತುಬಿಟ್ಟೆ. ನಮ್ಮಲ್ಲಿ ತಟ್ಟೆಗಿಂತ ಮೊದಲು ತಂಬಿಗೆ ಬರುತ್ತದೆ. ಹುಟ್ಟಿದಾಗಿನಿಂದ ಅಲ್ಲೇ ಇದ್ದದ್ದಕ್ಕೆ ಅದು ನಮ್ಮಿಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ಇಷ್ಟು ಕಾಡು ದಾಟಿ, ಎಲ್ಲೋ ಕೂತು, ನಾನು ಮುಖವನ್ನೂ ಸರಿಯಾಗಿ ನೆನಪಿಟ್ಟುಕೊಳ್ಳದ ಹುಡುಗಿಯೊಬ್ಬಳು ಫೋಟೊದ ಅಂಚಿನಲ್ಲಿ ಅರ್ಧ ಮಾತ್ರ ಕಂಡ ತಂಬಿಗೆಯನ್ನು ನೋಡಿದ್ದಳು. ಫೋನನ್ನು ಸೆರಗಿನಿಂದ ಒರೆಸಿ ಒಳಗೆ ತಂದೆ.

ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತೆ ತಂಬಿಗೆ ಎತ್ತಿಕೊಂಡು, "ಈಗ ತಗಿ ಫೋಟೊ, ಆ ಹುಡುಗಿ ನೋಡ್ಲಿ," ಅಂದರು. ನಿಧಾನವಾಗಿ ಉಂಡೆ. ಮೂರನೆಯ ತುತ್ತು ಇಳಿಯಿತು, ಆಮೇಲಿನದೂ ಇಳಿಯಿತು. ಬಚ್ಚಲಿನ ಕಡೆ ಹೋಗಬೇಕಾಗಲಿಲ್ಲ. ಮೊಬೈಲಿನಲ್ಲಿ ಅಲಾರಂ ಇಟ್ಟು ಗೋಡೆಗೆ ಒರಗಿದೆ.

ಅಷ್ಟು ಹೊತ್ತೂ ಅತ್ತೆ ಎದುರಿಗೇ ಕೂತಿದ್ದರು, ತಂಬಿಗೆಯನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡು. ಅಲಾರಂ ಹೊಡೆಯಿತು.

"ಈಗ ಕುಡಿಯವಾ," ಅಂದರು.