ಮೋಡದ ದಿನ ಬೆಂದ ಅನ್ನ

ಬೆಂಗಳೂರಿನ ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ನನ್ನ ಪೆಟ್ಟಿಗೆಯನ್ನು ಎರಡು ಸಲ ಬಡಿದು ನೋಡಿದ. "ಏನಮ್ಮಾ ಇದು, ಹಾರ್ಮೋನಿಯಮ್ಮಾ? ನಾಟಕದೋರಾ ನೀವು?"

"ಒಲೆ ಕಣಪ್ಪ. ಬಿಸಿಲಿನ ಒಲೆ. ಸೋಲಾರ್ ಕುಕ್ಕರ್."

"ಹಂಗಾದ್ರೆ ಟಾಪ್ ಮೇಲೆ ಹಾಕಿ. ಮಾಲೂರು ಬರೋ ಹೊತ್ಗೆ ಎಲ್ರಿಗೂ ಕಾಫಿ ಆಗಿರ್ತದೆ."

ಬಸ್ಸಿನವರೆಲ್ಲ ನಕ್ಕರು, ನಾನೂ ನಕ್ಕೆ. ಗಾಜಿನ ವಸ್ತುವಾದ್ದರಿಂದ ಅದಕ್ಕೊಂದು ಲಗೇಜ್ ಟಿಕೆಟ್ ಪಡೆದು ಕಾಲ ಬಳಿಯೇ ಇಟ್ಟುಕೊಂಡೆ. ಎಂಬತ್ತಮೂರರ ಕಾರ್ತಿಕ ಮಾಸ, ಬೆಳಗಿನ ಚಳಿ ಇನ್ನೂ ಹಿತವಾಗಿತ್ತು. ಕಾನ್ವೆಂಟಿನಲ್ಲಿ ಓದಿ, ಕಾನ್ವೆಂಟಿನಲ್ಲೇ ಜಿಯಾಗ್ರಫಿ ಪಾಠ ಹೇಳಿ ರಿಟೈರ್ ಆದವಳು ನಾನು. ನಮ್ಮ ಮಹಿಳಾ ಸಂಘದವರು ನನಗೆ ಒಪ್ಪಿಸಿದ್ದು ಇಷ್ಟೇ ಕೆಲಸ: ಕೋಲಾರದ ಕಡೆ ನಾಲ್ಕು ಊರುಗಳಲ್ಲಿ ಈ ಪೆಟ್ಟಿಗೆಯ ಡೆಮಾನ್‌ಸ್ಟ್ರೇಷನ್ ಕೊಟ್ಟು, ಕೊನೆಗೆ ಅದನ್ನು ನಿಜವಾಗಿ ಬಳಸುವ ಮನೆಯೊಂದನ್ನು ಹುಡುಕಿ ಅಲ್ಲಿ ಬಿಟ್ಟುಬರುವುದು. ಭಾಷಣವನ್ನು ಮೊದಲು ಇಂಗ್ಲಿಷಿನಲ್ಲಿ ಬರೆದು ಆಮೇಲೆ ಕನ್ನಡ ಮಾಡಿಕೊಂಡಿದ್ದೆ. ಹಾಗೆ ಮಾಡಿದ್ದೇ ತಪ್ಪೆಂದು ಮೊದಲ ದಿನವೇ ಗೊತ್ತಾಯಿತು.

ಮಾಲೂರಿನಲ್ಲಿ ಇಡ್ಲಿ ತಿಂದು, ಬಸ್ಸು ಬದಲಾಯಿಸಿ ಮಾಸ್ತಿ ಸೇರಿದಾಗ ಹತ್ತೂವರೆ. ಆಕಾಶ ತೊಳೆದಿಟ್ಟ ಹಾಗಿತ್ತು. ಶಾಲೆಯ ಅಂಗಳದಲ್ಲಿ ಪೆಟ್ಟಿಗೆ ಬಿಚ್ಚಿ, ಮುಚ್ಚಳದ ಕನ್ನಡಿಯನ್ನು ಸೂರ್ಯನಿಗೆ ಎದುರಾಗಿ ನಿಲ್ಲಿಸಿ, ಕಪ್ಪು ಬಣ್ಣ ಬಳಿದ ಡಬ್ಬಿಗಳಲ್ಲಿ ಅಕ್ಕಿ, ಬೇಳೆ ಇಟ್ಟೆ. "ಸೌರಶಕ್ತಿಯ ಸಂಚಯನ" ಎಂದು ಶುರುಮಾಡಿದೆ. ಹೆಂಗಸರು ಪೋಲೈಟ್ ಆಗಿ ಕೇಳಿಸಿಕೊಂಡರು. ಮಧ್ಯಾಹ್ನ ಅನ್ನ ಅರಳಿ ಬಂತು. ಆಗ ಹಿಂದಿನಿಂದ ಒಬ್ಬಾಕೆ, "ಇದ್ರಲ್ಲಿ ಹಿಟ್ಟು ತಿರುವೋದು ಹೆಂಗಮ್ಮ?" ಎಂದು ಕೇಳಿದಳು. ಅವರಿಗೆ ಹಿಟ್ಟು ಎಂದರೆ ರಾಗಿಮುದ್ದೆ. ಕುದಿಯುವ ಎಸರಿಗೆ ಹಿಟ್ಟು ಹಾಕಿ ಕೋಲಿನಿಂದ ತಿರುವಲೇಬೇಕು. ನನ್ನ ಪೆಟ್ಟಿಗೆಯ ಗಾಜು ತೆಗೆದರೆ ಶಾಖವೆಲ್ಲ ಹೋಗುತ್ತದೆ.

"ಅನ್ನ ಆಗುತ್ತಲ್ಲಮ್ಮ," ಎಂದೆ.

"ಅನ್ನ ನಮ್ಗೆ ಹಬ್ಬಕ್ಕೆ. ದಿನಾ ಹಬ್ಬ ಮಾಡಿಸ್ತೀರಾ?"

ಎಲ್ಲರೂ ನಕ್ಕರು. ನಾನು ಟೀಚರ್ ನಗೆ ನಕ್ಕು ಮುಂದಿನ ಪ್ರಶ್ನೆಗೆ ಜಾರಿಕೊಂಡೆ.

ಆ ರಾತ್ರಿ ಕೋಲಾರದ ಲಾಡ್ಜಿನಲ್ಲಿ ಮಲಗಿ, ಮರುದಿನ ಹುತ್ತೂರಿನಲ್ಲಿ ಅದೇ ಭಾಷಣ ಮಾಡಿ, ಮೂರನೆಯ ದಿನ ಮುಳಬಾಗಿಲು ತಲುಪಿದೆ. ಕುರುಡುಮಲೆಗೆ ಹೋಗುವ ಬಸ್ಸು ನಿಲ್ದಾಣದ ಬಿಸಿಲಲ್ಲಿ ಕಿಟಕಿ ಮುಚ್ಚಿಕೊಂಡು ನಿಂತಿತ್ತು. ಹತ್ತಿದವಳು ಬೆಂದುಹೋದೆ. ಪಕ್ಕದ ಸೀಟಿನ ಹೂವಿನವಳು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ, "ಬಿಸ್ಲು ಒಳಕ್ ಬತ್ತದೆ, ಕಾವು ಹೊರಕ್ ಹೋಗಲ್ಲ," ಎಂದಳು. ನನ್ನ ಎರಡು ಪುಟದ ಭಾಷಣ ಅವಳ ಬಾಯಲ್ಲಿ ಒಂದೇ ಮಾತಿನಲ್ಲಿ ಮುಗಿದಿತ್ತು. ಕುರುಡುಮಲೆಯ ಗಣಪತಿಗೆ ಕೈಮುಗಿದು ಬಂದು, ಗುಡಿಯಾಚೆಯ ಬಯಲಿನಲ್ಲಿ ಆ ಬಸ್ಸಿನ ಕಥೆಯನ್ನೇ ಹೇಳಿದೆ. ಮೊದಲ ಬಾರಿಗೆ ತಲೆಗಳು ಅಲ್ಲಾಡಿದವು. ಉತ್ಸಾಹ ಬಂದು, ನಾವು ಸುಡುವ ಕಲ್ಲಿದ್ದಲು, ಪೆಟ್ರೋಲಿನ ಹೊಗೆಯಿಂದ ಇಡೀ ಭೂಮಿಗೇ ಅಂಥದೊಂದು ಮುಚ್ಚಳ ಬೀಳುತ್ತಿದೆ ಎಂದು ವಿಜ್ಞಾನಿಗಳು ಹೆದರುತ್ತಿದ್ದಾರೆ ಎಂದೂ ಸೇರಿಸಿದೆ.

"ನಮ್ಮೂರಿಗೆ ಇರೋದು ಎರಡು ಬಸ್ಸು," ಎಂದರು ಒಬ್ಬ ಮುದುಕರು. "ಮುಚ್ಚಳ ಹಾಕ್ತಿರೋರು ನಿಮ್ಮ ಕಡೆಯೋರೇ ಇರ್ಬೇಕು. ಅವ್ರಿಗೂ ಹೇಳಿದ್ರೇನಮ್ಮ?"

ಹೇಳಿರಲಿಲ್ಲ. ನಮ್ಮ ಬೀದಿಯ ಕಾರುಗಳ ಮುಂದೆ ನಿಂತು ಯಾರಿಗೆ ಲೆಕ್ಚರ್ ಕೊಡುವುದು? ಮುಖ ಬಿಸಿಯಾಯಿತು. ಇಲ್ಲವೆಂದು ಒಪ್ಪಿಕೊಂಡು ಪೆಟ್ಟಿಗೆ ಮುಚ್ಚಿದೆ.

ಕೊನೆಯ ಊರು ಶ್ರೀನಿವಾಸಪುರದಾಚೆಯ ಒಂದು ಹಳ್ಳಿ. ತೆಲುಗು, ಕನ್ನಡ ಎರಡೂ ಒಂದೇ ವಾಕ್ಯದಲ್ಲಿ ಸಿಗುವ ಊರು. ರೇಷ್ಮೆ ಹುಳ ಸಾಕುವ ಮನೆಯಲ್ಲಿ ನನ್ನನ್ನು ಇಳಿಸಿಕೊಂಡರು. ಅತ್ತೆ ಮುನಿವೆಂಕಟಮ್ಮ, ಸೊಸೆ ರತ್ನಮ್ಮ. ಪೆಟ್ಟಿಗೆ ನೋಡಿದ ಕೂಡಲೇ ರತ್ನಮ್ಮನ ಕಣ್ಣು ಅಲ್ಲೇ ನೆಟ್ಟಿತು.

"ಹುಳ ಕಡೇ ಜ್ವರ ಎದ್ದವೆ ಮೇಡಮ್, ಕಡೇ ಸಲ ಪೊರೆ ಬಿಟ್ಟವೆ. ಹೊತ್ತೊತ್ತಿಗೂ ಸೊಪ್ಪು ಹಾಕ್ಬೇಕು, ಒಲೆ ಮುಂದೆ ಕೂರಕ್ಕೆ ಎಲ್ಲಿ ಪುರಸೊತ್ತು? ಅದೂ ಅಲ್ದೆ ಹೊಗೆ ಒಳಕ್ ಹೋದ್ರೆ ಹುಳ ಸೊಪ್ಪು ತಿನ್ನೋದು ಬಿಡ್ತವೆ. ಇದು ನಿಜವಾಗ್ಲೂ ತಾನಾಗೇ ಬೇಯಿಸಿದ್ರೆ ನಂಗೆ ಕೊಡಿ. ಮಧ್ಯಾಹ್ನ ಒಲೆ ಹಚ್ಚೋದೇ ಬಿಡ್ತೀನಿ."

ಹುಡುಕುತ್ತಿದ್ದ ಮನೆ ಸಿಕ್ಕಿತು ಎಂದುಕೊಂಡೆ. ಅಂಗಳದ ತುಂಬ ಅಕ್ಕಪಕ್ಕದ ಮನೆಯವರು ಸೇರಿದ್ದರು. ಡಬ್ಬಿಗಳನ್ನು ಇಟ್ಟು ಭಾಷಣ ಮುಗಿಸುವಷ್ಟರಲ್ಲಿ ಪೂರ್ವದಿಂದ ಮೋಡ ಏರಿತು. ಮದರಾಸಿನ ಕಡೆಯ ಮಳೆಮೋಡ, ಬೇಗ ಸರಿಯುವಂಥದ್ದಲ್ಲ. ನಾನು ಮಾತ್ರ, "ಬಂದೇ ಬರುತ್ತೆ ಬಿಸಿಲು," ಎಂದು ಒಂದು ಗಂಟೆ ಕಳೆದೆ. ಸೇರಿದ್ದವರು, ಆದಾಗ ಕರೆಯಿರಿ ಎಂದು ತಮ್ಮ ತಮ್ಮ ಮನೆಗೆ ಹೋದರು. ಮುನಿವೆಂಕಟಮ್ಮ ಆಗಾಗ ಬಂದು, "ಏಮಮ್ಮಾ, ಉಡಿಕಿಂದಾ?" ಎನ್ನುತ್ತಿದ್ದರು. ಬೆಂದಿತೇ ಎಂದು. ಒಂದು ಸಲ ಕೇಳಿದ ಮೇಲೆ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. "ರತ್ನಾ, ಅಮ್ಮನ್ನ ಕರ್ಕೊಂಡ್ ಹೋಗಿ ಹುಳ ತೋರ್ಸೇ. ಇಲ್ಲಿ ನಾನಿರ್ತೀನಿ."

ಹುಳುವಿನ ಕೋಣೆಗೆ ಹೊರಗಿನವರನ್ನು ಬಿಡುವುದಿಲ್ಲ. ರತ್ನಮ್ಮ ನನ್ನ ಕಾಲು ತೊಳೆಸಿ, ಮುಖದ ಪೌಡರ್ ಒರೆಸಿಸಿ ಒಳಗೆ ಬಿಟ್ಟಳು. ಬಿದಿರಿನ ತಟ್ಟೆಗಳ ತುಂಬ ಬೆರಳುದ್ದದ ಬಿಳಿ ಹುಳುಗಳು ಸೊಪ್ಪು ಕತ್ತರಿಸುತ್ತಿದ್ದವು. ತುಸು ಹೊತ್ತಿಗೆ ಗೋಡೆಯ ಮೇಲಿನ ಸಂದಿನಿಂದ ತೆಳ್ಳಗೆ ಹೊಗೆ ಇಳಿಯಿತು. "ಈ ಹೊತ್ನಲ್ಲಿ ಒಲೆ ಯಾರು ಹಚ್ಚಿದ್ರು?" ಎನ್ನುತ್ತಾ ರತ್ನಮ್ಮ ಗೋಣಿತಾಟು ತಂದು ಸಂದಿಗೆ ತುರುಕಿದಳು. ನಾನು ಏನೂ ಊಹಿಸಲಿಲ್ಲ.

ಹಿಂತಿರುಗಿ ಬಂದು, ಮತ್ತೆ ಸೇರಿದ್ದವರ ಮುಂದೆ ಗಾಜು ತೆಗೆದೆ. ಅನ್ನ! ಹೂವಿನಂತೆ ಅರಳಿದ ಅನ್ನ. ಅಂಗಳದಲ್ಲಿ ಚಪ್ಪಾಳೆ. "ಮೋಡದಲ್ಲೂ ಬೇಯ್ತದಲ್ಲೋ!" ಎಂದರು ಯಾರೋ. ರತ್ನಮ್ಮ ನನ್ನ ಕೈ ಹಿಡಿದುಕೊಂಡು, "ನಾಳೆಯಿಂದ್ಲೇ ಮಧ್ಯಾಹ್ನದ ಒಲೆ ಬಂದ್," ಎಂದಳು. ನಾನು ಒಂದು ತುತ್ತು ಬಾಯಿಗಿಟ್ಟೆ. ಹೊಗೆಯ ವಾಸನೆ. ಡಬ್ಬಿ ಹಿಡಿದಿದ್ದ ಕರವಸ್ತ್ರ ನೋಡಿದೆ, ಕಪ್ಪಾಗಿತ್ತು. ಡಬ್ಬಿಯ ಪೇಂಟ್ ಹೀಗೆ ಅಂಟುವುದಿಲ್ಲ, ಇದು ಒಲೆಯ ಮಸಿ.

ಆಮೇಲೆ ನಾನು ಮಾಡಿದ್ದನ್ನು ಬರೆಯಲು ಲೇಖನಿ ತಡೆಯುತ್ತದೆ. ನಿಜ ಹೇಳಲೇಬೇಕಿತ್ತು, ಅದರಲ್ಲಿ ಡೌಟ್ ಇಲ್ಲ. ಮೋಡದ ದಿನ ಈ ಹುಡುಗಿ ಪೆಟ್ಟಿಗೆಯನ್ನು ನಂಬಿ ಕೂತರೆ, ತೋಟದಿಂದ ಬಂದವರು ಹಸಿದು ಕೂರಬೇಕು, ಬೈಸಿಕೊಳ್ಳುವವಳು ಅವಳು. ಆದರೆ "ನನ್ನ ಪೆಟ್ಟಿಗೆ ಮೋಡದಲ್ಲಿ ಸೋತಿತು" ಎಂದಿದ್ದರೆ ಸಾಕಾಗಿತ್ತು. ಸಿಸ್ಟರ್‌ಗಳು ಕಲಿಸಿದ ಆನೆಸ್ಟಿಯ ಠೀವಿಯಲ್ಲಿ, ಕ್ಲಾಸಿನಲ್ಲಿ ಕಾಪಿ ಹೊಡೆದವಳನ್ನು ಎಬ್ಬಿಸಿ ನಿಲ್ಲಿಸುವ ಧ್ವನಿಯಲ್ಲಿ, "ಇದು ಬಿಸಿಲಲ್ಲಿ ಬೆಂದದ್ದಲ್ಲ. ಮುನಿವೆಂಕಟಮ್ಮನವರು ಒಲೆಯ ಮೇಲೆ ಬೇಯಿಸಿ ತಂದಿಟ್ಟಿದ್ದಾರೆ," ಎಂದುಬಿಟ್ಟೆ.

ಎಲ್ಲರೂ ಅವರತ್ತ ತಿರುಗಿದರು. "ಏನ್ ಅತ್ತೆ, ಹೊಗೆ ನಿಮ್ದಾ?" ಎಂದಳು ರತ್ನಮ್ಮ. ನೆರೆಯವಳೊಬ್ಬಳು, "ದೊಡ್ಡಮ್ಮ ಸೂರ್ಯನಿಗೇ ಸೌದೆ ಹಾಕವ್ಳೆ!" ಎಂದಳು. ನಗು ಎದ್ದಿತು. ಮುನಿವೆಂಕಟಮ್ಮ ಒಳಗೆ ಹೋದರು.

ಹಿಂದೆಯೇ ಹೋದೆ. ಆರುತ್ತಿದ್ದ ಒಲೆಯ ಮುಂದೆ ಕೂತಿದ್ದರು.

"ಸಾರಿ ಅಮ್ಮ," ಎಂದೆ.

"ನಮ್ಮ ಅಂಗಳಕ್ಕೆ ಬಂದೋರು ನಾಕು ಜನದ ಮುಂದೆ ತಲೆ ತಗ್ಗಿಸ್ಬಾರ್ದು ಅಂತ ಮಾಡ್ದೆ. ನಿಮ್ಮ ಮಾನ ಕಾಯಕ್ಕೆ ಹೋಗಿ ನಮ್ಮ ಮಾನ ಹೋಯ್ತು."

ಹೊರಗೆ ಬಂದು, ಚದುರುತ್ತಿದ್ದವರನ್ನು ಮತ್ತೆ ಕೂರಿಸಿ, ಮಾಸ್ತಿಯಿಂದ ಇಲ್ಲಿಯವರೆಗೆ ನುಂಗಿಕೊಂಡು ಬಂದದ್ದನ್ನೆಲ್ಲ ಹೇಳಿದೆ. ಮೋಡವಿದ್ದರೆ ಬೇಯುವುದಿಲ್ಲ. ಮುದ್ದೆ ಆಗುವುದಿಲ್ಲ. ಒಳ್ಳೆಯ ಬಿಸಿಲಿಗೂ ಎರಡು ಮೂರು ಗಂಟೆ ಬೇಕು. ಬೇಳೆ, ಕಾಳು ಚೆನ್ನಾಗಿ ಬೇಯುತ್ತವೆ, ನೀರು ಕಾಯುತ್ತದೆ. "ಮೋಡ ಕಂಡ ತಕ್ಷಣವೇ ನಾನಿದನ್ನು ಹೇಳಬೇಕಿತ್ತು. ಹೇಳಿದ್ದರೆ ಅವರು ಒಲೆ ಹಚ್ಚುತ್ತಿರಲಿಲ್ಲ. ತಪ್ಪು ನನ್ನದು," ಎಂದೆ. ಒಳಗಿನವರಿಗೂ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ. ನಗು ನಿಂತಿತ್ತು. ಆದರೆ ಆಗಿಹೋದ ನಗುವನ್ನು ವಾಪಸ್ ಪಡೆಯಲಾಗುವುದಿಲ್ಲ.

ರತ್ನಮ್ಮ ಸೆರಗಿನಿಂದ ಪೆಟ್ಟಿಗೆಯ ಗಾಜು ಒರೆಸಿದಳು. "ಹುರುಳಿಕಾಳಾದ್ರೂ ಬೇಯ್ತದಲ್ಲ? ಬಿಸ್ಲಿರೋ ದಿನ ಅಷ್ಟು ಹೊಗೆ ಕಮ್ಮಿ. ಇಟ್ಟು ಹೋಗಿ."

ನಾಲ್ಕು ಗಂಟೆಯ ಬಸ್ಸಿಗೆ ಹೊರಟೆ. ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸುವುದುಂಟೇ! ಮುನಿವೆಂಕಟಮ್ಮ ಕೋಪದಲ್ಲೇ ಕುಂಕುಮದ ಬಟ್ಟಲು ತಂದರು, ಎಲೆ ಅಡಿಕೆ, ಒಂದು ತೆಂಗಿನಕಾಯಿ ಕೊಟ್ಟರು. ನನ್ನ ಮುಖ ನೋಡದೆ, "ಇನ್ನೊಂದ್ ಸಲ ಬಿಸ್ಲಿರೋವಾಗ ಬನ್ನಿ," ಎಂದರು.

ಬಸ್ಸು ಕೆರೆಯ ಏರಿ ಹತ್ತುವಾಗ ಪಡುವಣದಲ್ಲಿ ಮೋಡ ಬಿರಿದು ಇಷ್ಟೇ ಇಷ್ಟು ಬಿಸಿಲು ಬಿತ್ತು. ತಿರುಗಿ ನೋಡಿದೆ. ಅಂಗಳದಲ್ಲಿ ಯಾರೂ ಇರಲಿಲ್ಲ, ಮುನಿವೆಂಕಟಮ್ಮ ಒಬ್ಬರೇ. ಬಗ್ಗಿ, ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ ಸೂರ್ಯನ ಕಡೆಗೆ ತಿರುಗಿಸುತ್ತಿದ್ದರು. ಕನ್ನಡಿಯ ಬೆಳಕು ಒಂದು ಕ್ಷಣ ನಮ್ಮ ಬಸ್ಸಿನ ಮೇಲೆ ಹಾದುಹೋಯಿತು. ಕೈಬೀಸಬೇಕೆನಿಸಿತು. ಮಡಿಲ ತೆಂಗಿನಕಾಯಿಯನ್ನು ಹಿಡಿದಿದ್ದ ಕೈ ಮೇಲೇಳಲಿಲ್ಲ.